ಅಮ್ಮನ ಪೆಟ್ಟಿಗೆಗೆ ನೀರು

ತೀರಿಕೊಂಡ ಮೇಲೆ, ಎಲ್ಲರ ಮನೆಯಲ್ಲಿ ಮಾಡುವಂತೆ, ಅಮ್ಮನ ಮನಸ್ಸನ್ನೂ ಕಂಪ್ಯೂಟರ್ ಪೆಟ್ಟಿಗೆಯೊಂದಕ್ಕೆ ಇಳಿಸಿದ್ದೆವು. ಈಗ ಅದನ್ನು ತಂಪಾಗಿಡಲು ಫ್ಯಾನು ಸಾಲುತ್ತಿರಲಿಲ್ಲ. ಬಿಸಿಯೇರಿದಾಗಲೆಲ್ಲ ಅವಳ ಮಾತು ತೊದಲುತ್ತಿತ್ತು. ಆಫ್ ಮಾಡುವಂತಿಲ್ಲ, ಹಾಗೆ ಮಾಡಿದರೆ ಇಳಿಸಿದವರು ಯಾರೂ ಮತ್ತೆ ಏಳುವುದಿಲ್ಲ. ನೀರು ಹರಿಸಿ ತಂಪು ಮಾಡುವ ಪಂಪು ಹಾಕಿಸಲು, ಬ್ಯಾಟರಿ ಸಮೇತ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಅಂಗಡಿಗೆ ತಂದಿದ್ದೆ.

"ಪಂಪು ಸದ್ದಿಲ್ಲದ್ದೇ ತಗೊಳ್ಳಿ ಮೇಡಂ, ಅವರಿಗೆ ಎಲ್ಲಾ ಕೇಳಿಸುತ್ತೆ," ಎಂದ ಅಂಗಡಿಯ ಇಮ್ತಿಯಾಜ್.

ದೊಡ್ಡ ರೇಡಿಯೇಟರು, ದಪ್ಪ ಪೈಪು ಆರಿಸಿದೆ. ಒಂದು ಹನಿ ಸೋರಿದರೂ ಅಮ್ಮ ಇಲ್ಲ.

ಅವನು ಪೆಟ್ಟಿಗೆಯ ಮೈಕಿಗೆ ಬೆರಳು ಒತ್ತಿ ಹಿಡಿದು ಕೇಳಿದ: "ತೀರಿಕೊಂಡಿದ್ದು ಅವರಿಗೆ ಹೇಳಿದ್ದೀರಾ?"

"ಇಲ್ಲ. ಆಸ್ಪತ್ರೇಲಿದ್ದೀಯ, ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ ಅಂದಿದ್ದೀವಿ."

"ಸರಿ. ಎಷ್ಟು ವರ್ಷ ಆದ್ರೂ ಕೆಡದ ನೀರು ಬೇಕು," ಎಂದು ಬೆರಳು ತೆಗೆದ.

ಅದನ್ನು ಮನೆಯಿಂದಲೇ ತಂದಿದ್ದೆ: ದೇವರ ಗೂಡಿನಲ್ಲಿದ್ದ, ಅಮ್ಮ ಕಾಶಿಯಿಂದ ತಂದ ಗಂಗಾಜಲದ ತಾಮ್ರದ ಗಿಂಡಿ. ಬಾಯಿಯ ಬೆಸುಗೆ ಟಕ್ಕೆಂದು ಒಡೆಯಿತು. ಗಂಗೆ ಪೈಪಿನೊಳಗೆ ಇಳಿದಳು. ಪೆಟ್ಟಿಗೆ ತಣ್ಣಗಾಯಿತು, ತೊದಲು ನಿಂತಿತು.

"ಸುಗುಣಾ," ಅಮ್ಮ ಸ್ಪಷ್ಟವಾಗಿ ಕರೆದಳು. "ಅದು ಗಂಗೆ ಗಿಂಡಿ ಸದ್ದಲ್ವೇನೇ? ನನ್ನ ಕೊನೇ ಗುಟುಕಿಗೆ ಅಂತ ಇಟ್ಟಿದ್ದು. ಈಗ್ಯಾಕೆ ಒಡೆದೆ?"