ಜಗಲಿಯ ಮೇಲಿನ ಕಲ್ಲು

ಮಕ್ಕಳ ಪೋಷಣೆಯ ಅಧ್ಯಯನಕ್ಕೆಂದು ಹಳ್ಳಿಗಳಲ್ಲಿ ಕೂಸುಗಳನ್ನು ತೂಗುವಾಗ ಇಂದಿಗೂ ನನ್ನ ಮೂಗಿಗೆ ಬೆಲ್ಲದ ವಾಸನೆ ಬರುತ್ತದೆ.

ಉಮದಿಯಲ್ಲಿ ನಮ್ಮದು ಕಿರಾಣಿ ಅಂಗಡಿ. ನನಗಾಗ ಎಂಟು ವರ್ಷ. ವರ್ಷ ತುಂಬಿದರೂ ತಂಗಿಗೆ ಮೈ ಹತ್ತಿರಲಿಲ್ಲ. "ದೃಷ್ಟಿ ತಾಗೇದ, ಬರೇ ಗಂಜಿ ತಿಳಿ ಕುಡಸು" ಎನ್ನುತ್ತಿದ್ದಳು ಅಪ್ಪನ ತಾಯಿ, ನಮ್ಮ ಆಯಿ.

ಒಂದು ಮಧ್ಯಾಹ್ನ ಅವ್ವ ಬೆಲ್ಲ ತೂಗುವ ತಕ್ಕಡಿಯಲ್ಲಿ ತಂಗಿಯನ್ನು ಮಲಗಿಸಿದಳು. ನಾನು ಅಂಗಳದಿಂದ ಹೊತ್ತು ತಂದ ಕಲ್ಲುಗಳಲ್ಲಿ ಒಂದು ಅವಳಿಗೆ ಸರಿತೂಗಿತು.

ಆಯಿ ಓಡಿ ಬಂದಳು. "ಕೂಸು ತೂಗಿದ್ರ ಸೊರಗತದ. ಅದೇನ್ ಬೆಲ್ಲದ ಪೆಂಟಿ ಏನ?"

"ಬೆಲ್ಲ ಕಡಿಮ್ಯಾದ್ರ ನಮಗ ತಿಳೀತದ. ಕೂಸು ಕಡಿಮ್ಯಾದ್ರ ತಿಳೀಬಾರದೇನ್ರಿ, ಅತ್ತಿ? ಇನ್ನ ಬ್ಯಾಳಿಕಟ್ಟು, ಅರದ ಸೇಂಗಾ ನಾ ತಿನಸಾಕಿ. ಮುಂದಿನ ಅಮಾಸಿಗಿ ಈ ಕಲ್ಲು ಮ್ಯಾಲ ಏಳಬೇಕು."

ಕಲ್ಲನ್ನು ಎಸೆಯಲು ಆಯಿ ಕೈಚಾಚಿದಳು. ಅಷ್ಟರಲ್ಲಿ ಅವ್ವ ಅದಕ್ಕೆ ವಿಭೂತಿ ಬಳಿದು ದೇವರ ಜಗಲಿಯ ಮೇಲಿಟ್ಟುಬಿಟ್ಟಳು. ಅಲ್ಲಿಂದ ತೆಗೆಯಲು ಆಯಿಗೆ ಧೈರ್ಯವಾಗಲಿಲ್ಲ. ಮರುದಿನದಿಂದ ಗೊಣಗುತ್ತಲೇ ಅದಕ್ಕೂ ಒಂದು ಹೂ ಏರಿಸತೊಡಗಿದಳು.

ಅಮಾವಾಸ್ಯೆಯ ದಿನ ತಂಗಿಯನ್ನು ಮತ್ತೆ ತೂಗಿದಾಗ ಕಲ್ಲು ಮೇಲೆದ್ದಿತು.

"ದೇವರ ಕಲ್ಲದು, ಹಗುರಾಗೇದ" ಎಂದಳು ಆಯಿ.

ಅವ್ವ ಆ ಕಲ್ಲನ್ನು ತಕ್ಕಡಿಯಿಂದ ಇಳಿಸಿದಳು. "ಇನ್ನೊಂದ್ ದೊಡ್ಡ ಕಲ್ಲು ತಾ" ಎಂದು ನನ್ನನ್ನು ಅಂಗಳಕ್ಕೆ ಕಳಿಸಿದಳು.