ಮಾವನ ತಟ್ಟೆ

“ಅಲ್ಲಾಡ್ಬೇಡ ಕಣೇ!” ಎನ್ನುತ್ತ ಟಾವಿಟಾ ತುಂಬು ಬಸುರಿ ಹೆಂಡತಿ ಲಾಂಗಿಯ ಕೈಯಲ್ಲಿದ್ದ ತೆಂಗಿನ ಗರಿಯ ತಟ್ಟೆಯ ಫೋಟೊ ಹೊಡೆದ. ಬಸುರಿಯರ ತೂಕ ಕಾಯುವ ಆ್ಯಪ್ ಫೋನಿಗೆ ಬಂದಾಗಿನಿಂದ ಅವಳ ಹತ್ತಿರ ತಿನಿಸು ಕಂಡರೆ ಸಾಕು, ಅವನ ಕೈ ತುರಿಸುತ್ತಿತ್ತು.

ತಟ್ಟೆಯಲ್ಲಿದ್ದ ಹಂದಿ ಮಾಂಸ, ಕೆಸುವಿನ ಗಡ್ಡೆ ಎಲ್ಲ ಕಂಬಕ್ಕೊರಗಿ ಕುಳಿತ ಮಾವನಿಗೆ. ಸಮೋವಾದಲ್ಲಿ ಭಾನುವಾರ ಚರ್ಚು ಮುಗಿಸಿ ಬಂದ ಹಿರಿಯರು ಉಂಡು ಕೈ ತೊಳೆಯುವ ತನಕ ಸೊಸೆಗೆ ಊಟವಿಲ್ಲ. ಈ ಮಂಕನಿಗೂ ಅದು ಗೊತ್ತು. ಆದರೆ ಫೋನು ಕೈಗೆ ಬಂದರೆ ಅವನ ಬುದ್ಧಿ ಮನೆ ಬಿಟ್ಟು ಹೋಗುತ್ತದೆ. ಬೆಳಗ್ಗೆ ಕುಡಿದ ಕೋಕೋ ಬಿಟ್ಟರೆ ಲಾಂಗಿಯ ಹೊಟ್ಟೆಗೆ ಇನ್ನೂ ಏನೂ ಬಿದ್ದಿರಲಿಲ್ಲ.

ಫೋನು ಕಿರುಚಿತು. “ಕೇಳ್ರಪ್ಪಾ!” ಎಂದು ಟಾವಿಟಾ ಎಲ್ಲರಿಗೂ ಓದಿ ಹೇಳಿದ. “‘ಊಟ ವಿಪರೀತವಾಯಿತು, ಅರ್ಧ ತೆಗೆದಿಡಿ.’ ನಾನು ಬಡ್ಕೊಂಡ್ರೆ ಕೇಳ್ತಾಳಾ ಇವಳು?”

“ಬಾಯಿಗೆ ಸ್ವಲ್ಪ ಬೀಗ ಹಾಕಮ್ಮಾ,” ಎಂದು ನಗುತ್ತ ಮಾವ ತಟ್ಟೆಗೆ ಕೈ ಚಾಚಿದ.

ಎದುರಿಗಿದ್ದ ಎರಡು ಡೊಳ್ಳು ಹೊಟ್ಟೆಗಳನ್ನು ಲಾಂಗಿ ನೋಡಿದಳು. ಒಂದರಲ್ಲೂ ಮಗುವಿರಲಿಲ್ಲ. ಅವಳು ಅಲ್ಲೇ ಚಾಪೆಯ ಮೇಲೆ ಕುಳಿತು, ತಟ್ಟೆಯನ್ನು ತೊಡೆಗೇರಿಸಿ, ದೊಡ್ಡ ತುಂಡನ್ನೇ ಆರಿಸಿ ಬಾಯಿಗಿಟ್ಟಳು.

“ತಿಂದಿದ್ದಕ್ಕೆ ಬೈಸ್ಕೊಂಡಾಯ್ತಲ್ಲ,” ಎಂದಳು. “ಈಗ ತಿಂತೀನಿ.”