ತೆಗೆಯಲು ಮರೆತ ಬೋರ್ಡು

ಗದಗ ಕಡೆಯ ಒಂದು ಆಸ್ಪತ್ರೆ. ಆರನೇ ಬೆಡ್‌ನಲ್ಲಿ ಎಪ್ಪತ್ತು ದಾಟಿದ ಫಕೀರಪ್ಪ... ಲಿವರ್ ಕ್ಯಾನ್ಸರ್, ಕೊನೆಯ ಹಂತ.

ಬಸ್‌ಸ್ಟ್ಯಾಂಡ್ ಎದುರು ನಲವತ್ತು ವರ್ಷ ಚಹಾದಂಗಡಿ ನಡೆಸಿದವರು. ಅಡ್ಮಿಟ್ ಆದ ದಿನವೇ ಆಸ್ಪತ್ರೆಯ ಚಹಾ ಒಂದು ಗುಟುಕು ಕುಡಿದು ನರ್ಸ್ ಎಸ್ತರ್‌ಗೆ ಹೇಳಿದ್ದರು...

"ಸಿಸ್ಟರ್, ಇದಕ್ಕ ಚಾ ಅಂತಾರೇನ್ರಿ? ಕಪ್ ತೊಳದ ನೀರು ಇದು."

ಸೋಮವಾರ ಅವರಿಗೆ ಸ್ಕ್ಯಾನಿಂಗ್ ಇತ್ತು. ಅದಕ್ಕಾಗಿ ಎಸ್ತರ್ ಹಿಂದಿನ ಸಂಜೆಯೇ ಮಂಚದ ತಲೆಯ ಕಡೆ ಬೋರ್ಡು ತೂಗುಹಾಕಿದಳು: "ಬಾಯಿಗೆ ಏನೂ ಕೊಡಬಾರದು."

ಆದರೆ ಸ್ಕ್ಯಾನಿಂಗ್ ಆಗಲೇ ಇಲ್ಲ. ಸೋಮವಾರ ಬೆಳಿಗ್ಗೆ ಅವರ ಮಗಳು ನೀಲವ್ವನನ್ನು ಕೂರಿಸಿಕೊಂಡು ಡಾಕ್ಟರು ಹೇಳಿದರು... ಇನ್ನು ಪರೀಕ್ಷೆಗಳು ಬೇಡ, ನೋವಾಗದಂತೆ ನೋಡಿಕೊಳ್ಳೋಣ.

ಎಸ್ತರ್ ಅದನ್ನೆಲ್ಲ ಫೈಲಿನಲ್ಲಿ ಬರೆದಳು. ಡ್ರಿಪ್ ನೋಡಿಕೊಂಡಳು. ನೋವಿನ ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಕೊಟ್ಟಳು.

ಬುಧವಾರ ಬೆಳಿಗ್ಗೆ ಹಾಸಿಗೆಯ ಬಟ್ಟೆ ಬದಲಿಸುವಾಗ ಅವರ ತುಟಿ ಕಂಡಿತು... ಒಡೆದು ರಕ್ತ ಹೆಪ್ಪುಗಟ್ಟಿತ್ತು.

"ನೀಲಕ್ಕ, ಅಪ್ಪಾರಿಗೆ ನೀರು ಕೊಟ್ಟಿಲ್ಲೇನ್ರಿ?"

ನೀಲವ್ವ ಬೋರ್ಡಿನ ಕಡೆ ಕೈ ತೋರಿಸಿದಳು.

"ಕೊಡಬ್ಯಾಡ ಅಂತ ನೀವ ಬರದೀರಲ್ರಿ. ಒಂದ್ ಗುಟುಕು ಚಾ ಕೊಡವಾ, ಒಂದ್ ಗುಟುಕು... ಅಂತ ಎರಡ ದಿನದಿಂದ ಕೇಳಾಕತ್ತಾನ. ನಾ ಕಲ್ಲಾಗಿ ಕುಂತೀನಿ."

ಎಸ್ತರ್ ಬೋರ್ಡು ನೋಡಿದಳು. ಅವಳದೇ ಅಕ್ಷರ.

'ಈಗ ಕೊಡಬಹುದಂತೆ' ಎಂದರೆ ಸಾಕಿತ್ತು... ಅವಳ ಮರೆವು ಯಾರಿಗೂ ತಿಳಿಯುತ್ತಿರಲಿಲ್ಲ.

ಅವಳು ಬೋರ್ಡು ಬಿಚ್ಚಿ ಕೈಯಲ್ಲಿ ಹಿಡಿದು ನೀಲವ್ವನ ಎದುರು ಕೂತಳು.

"ಇದು ಸ್ಕ್ಯಾನಿಂಗ್ ಸಲುವಾಗಿ ಹಾಕಿದ್ದು. ಸೋಮವಾರನ ತೆಗೀಬೇಕಿತ್ತು. ನಾ ಮರತೆ. ತಪ್ಪು ನಂದು."

ನೀಲವ್ವ ಅಪ್ಪನ ಒಡೆದ ತುಟಿಯ ಕಡೆ ತಿರುಗಿದಳು.

"ಹಂಗಾರ ಅಪ್ಪ ಸುಮ್ಮಸುಮ್ನ ಬಾಯಾರಿ ಮಲಗಿದ್ನೇನ್ರಿ?"

"ಹೌದ್ರಿ."

ಎಸ್ತರ್ ಎದ್ದಳು.

ಡಾಕ್ಟರಿಗೆ ಫೋನ್ ಮಾಡಿ ಬಾಯಿಗೆ ಕೊಡಬಹುದೇ ಎಂದು ಕೇಳಿದಳು; ಸ್ವಲ್ಪಸ್ವಲ್ಪವೇ ಕೊಡಿ ಎಂದರು. ಮಂಚದ ತಲೆಭಾಗ ಎತ್ತರಿಸಿದಳು. ಒದ್ದೆ ಹತ್ತಿಯಿಂದ ತುಟಿ, ನಾಲಿಗೆ ಒರೆಸಿದಳು. ಅರ್ಧ ಚಮಚ ನೀರು ಹಾಕಿ ಗಂಟಲನ್ನೇ ನೋಡುತ್ತ ನಿಂತಳು... ಕೆಮ್ಮು ಬರಲಿಲ್ಲ. ನೀರು ಇಳಿಯಿತು.

"ಕ್ಯಾಂಟೀನಿಂದ ಚಾ ತರಸ್ಲೇನ್ರಿ?"

"ಬ್ಯಾಡ್ರಿ, ಬೈತಾನ," ಎಂದಳು ನೀಲವ್ವ, ಕಣ್ಣೊರೆಸಿಕೊಳ್ಳುತ್ತ. "ನಾನ ಮಾಡ್ತೀನಿ."

ನರ್ಸ್‌ಗಳ ರೂಮಿನ ಸಣ್ಣ ಒಲೆಯ ಮೇಲೆ ಶುಂಠಿ ಜಜ್ಜಿ ಹಾಕಿ ಚಹಾ ಮಾಡಿದಳು. ಆರಿಸಿ, ಚಮಚದ ತುದಿಯಿಂದ ಹನಿಹನಿಯಾಗಿ ಬಾಯಿಗೆ ಬಿಟ್ಟಳು.

ಫಕೀರಪ್ಪ ಕಣ್ಣು ತೆರೆದರು. ಬಾಯಾಡಿಸಿ, ಪಿಸುಗುಟ್ಟಿದರು...

"ಸಕ್ಕರಿ ಕಡಿಮಿ ಆತು."

ನೀಲವ್ವ ನಕ್ಕಳು... ನಗುತ್ತಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮರುದಿನ ಮಧ್ಯಾಹ್ನ ಅವರು ಶಾಂತವಾಗಿ ಹೋದರು.

ಹೊರಡುವ ಮುನ್ನ ನೀಲವ್ವ ಎಸ್ತರ್ ಇದ್ದಲ್ಲಿಗೆ ಬಂದಳು. ಬೈಯಲಿ ಎಂದುಕೊಂಡೇ ಎಸ್ತರ್ ಎದ್ದು ನಿಂತಳು.

"ನಿನ್ನೆ ನಿಮ್ಮ ಮ್ಯಾಲೆ ಭಾಳ ಸಿಟ್ಟು ಬಂದಿತ್ರಿ. ಈಗೂ ಪೂರ್ತಿ ಹೋಗಿಲ್ಲ." ಆಮೇಲೆ ಎಸ್ತರ್‌ಳ ಕೈ ಹಿಡಿದಳು. "ಆದ್ರ ನೀವು ಖರೆ ಹೇಳಿರ್ಲಿಲ್ಲಂದ್ರ... ಬ್ಯಾಡ ಅಂತ ಬೋರ್ಡಿನ್ಯಾಗ ಬರದಿದ್ರೂ ನಾ ಚಾ ಕುಡಿಸಿದೆ, ಅದಕ್ಕ ಅಪ್ಪ ಹೋದ ಅಂತ ನಾ ಸಾಯೂತನಕ ಅಳತಿದ್ದೆ. ಈಗ ನನ್ನ ಕೈಯಾಗಿನ ಚಾ ಕುಡದು ಹೋದ ಅಂತೀನಿ."

ಎಸ್ತರ್ ಈಗ ಡ್ಯೂಟಿಗೆ ಬಂದೊಡನೆ ಫೈಲು ತೆರೆಯುವುದಿಲ್ಲ. ಮೊದಲು ಪ್ರತಿ ಬೆಡ್‌ನ ಬೋರ್ಡು ನೋಡುತ್ತಾಳೆ... ಆಮೇಲೆ ಅದರ ಕೆಳಗೆ ಮಲಗಿದವರ ತುಟಿ.

*ಆರೈಕೆ ಎಂದರೆ "ಬೇಡ" ಎಂದು ಬರೆಯುವುದಷ್ಟೇ ಅಲ್ಲ... ಕೆಲಸ ಮುಗಿದ ಬೋರ್ಡನ್ನು ತೆಗೆಯುವುದು, ಮರೆತಿದ್ದರೆ ಮರೆತೆ ಎಂದು ಹೇಳುವುದು.*

ನಾವು ಎಂದೋ ತೂಗುಹಾಕಿ ಮರೆತ ಬೋರ್ಡಿನ ಕೆಳಗೆ ನಮ್ಮವರು ಯಾರಾದರೂ ಇನ್ನೂ ಬಾಯಾರಿ ಕಾಯುತ್ತಿದ್ದಾರೆಯೇ?